ಬಫರ್ ಎಷ್ಟು ಹಿಗ್ಗಬೇಕು, ಯಾವಾಗ ಕುಗ್ಗಬೇಕು

ಸಾಕೆಟ್‌ನಿಂದ (ಜಾಲ ಸಂಪರ್ಕದ ತುದಿಯಿಂದ) ಬೈಟ್‌ಗಳನ್ನು ಓದುವ ಪ್ರೋಗ್ರಾಂ ಬರೆಯುವವರಿಗೆಲ್ಲ ಮೊದಲು ಎದುರಾಗುವ ತೊಡಕೆಂದರೆ, ಬರಲಿರುವುದು ಎಷ್ಟು ಎಂಬುದು ಬಂದು ಮುಗಿಯುವವರೆಗೆ ಗೊತ್ತಾಗದಿರುವುದು. ಜಾಲದಲ್ಲಿ ದತ್ತಾಂಶ ಸಾಗಿಸುವ ಟಿಸಿಪಿ ನಮಗೆ ಸಂದೇಶಗಳನ್ನು ಕೊಡುವುದಿಲ್ಲ. ಬೈಟ್‌ಗಳ ಹರಿವನ್ನಷ್ಟೇ ಕೊಡುತ್ತದೆ. ಅತ್ತಲಿನವರು ಒಂದೇ ಏಟಿಗೆ ಬರೆದದ್ದು ಇತ್ತ ಮೂರು ತುಂಡಾಗಿ ತಲುಪಬಹುದು, ಮೂರು ಸಲ ಬರೆದದ್ದು ಒಂದೇ ಓದಿಗೆ ಸಿಗಬಹುದು. ಹೀಗಾಗಿ ಬಂದಷ್ಟನ್ನು ಕೂಡಿಟ್ಟುಕೊಂಡು, ಒಂದು ಪೂರ್ಣ ಸಂದೇಶವಾದಾಗ ಅದನ್ನು ತೆಗೆದು ಮುಂದಕ್ಕೆ ಕೊಡುವ, ಜಾಗ ಸಾಲದಿದ್ದರೆ ತಾನೇ ಹಿಗ್ಗುವ ಒಂದು ಬಫರ್ ಬೇಕಾಗುತ್ತದೆ. ಹೊರಹೋಗುವ ದಾರಿಯಲ್ಲೂ ಇಂಥದೇ ಇನ್ನೊಂದು ಬೇಕು, ಏಕೆಂದರೆ ನಾವು ಬರೆಯಬೇಕೆಂದಷ್ಟನ್ನೂ ಕರ್ನಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು) ಆ ಕ್ಷಣಕ್ಕೇ ಸ್ವೀಕರಿಸುತ್ತದೆಂಬ ಭರವಸೆ ಇಲ್ಲ. ಇಂಥ ಬಫರಿನ ಮಾತು ಬಂದಾಗಲೆಲ್ಲ ಚರ್ಚೆ ‘ಎಷ್ಟು ಪಟ್ಟು ಹಿಗ್ಗಿಸಬೇಕು’ ಎಂಬಲ್ಲಿಗೆ ಹೋಗಿ ನಿಂತುಬಿಡುತ್ತದೆ. ನನ್ನ ಮಟ್ಟಿಗೆ ಅದು ಈ ವಿಷಯದ ಅತ್ಯಂತ ಸುಲಭದ ಭಾಗ. ಓದಿ ಮುಗಿಸಿದ ಬೈಟ್‌ಗಳನ್ನು ಏನು ಮಾಡಬೇಕು, ಹಳೆಯ ವಿಳಾಸವನ್ನು ಇನ್ನೂ ಹಿಡಿದುಕೊಂಡವರು ಯಾರು, ಯಾವ ಹಂತದಲ್ಲಿ ‘ಇನ್ನು ಸಾಕು’ ಎನ್ನಬೇಕು ಎಂಬಲ್ಲಿಯೇ ತಲೆನೋವೆಲ್ಲ ಇರುವುದು.

ಸುಲಭದ ಭಾಗವನ್ನು ಮೊದಲು ಮುಗಿಸಿಬಿಡೋಣ. 1 ಕೆಬಿ ಗಾತ್ರದಿಂದ ಆರಂಭಿಸಿ, ತುಂಬಿದಾಗಲೆಲ್ಲ ಇನ್ನೊಂದು ಕೆಬಿ ಸೇರಿಸುತ್ತ 1 ಎಂಬಿ ಮುಟ್ಟಬೇಕೆಂದಿಟ್ಟುಕೊಳ್ಳಿ. ಪ್ರತಿ ಸಲವೂ ಹಳೆಯದನ್ನು ಹೊಸ ಜಾಗಕ್ಕೆ ನಕಲು ಮಾಡಬೇಕಾದರೆ 1, 2, 3 ಎಂದು 1023ರವರೆಗೆ ಕೂಡಿದಷ್ಟು ಕೆಬಿ, ಅಂದರೆ 5,23,776 ಕೆಬಿ ನಕಲಾಗುತ್ತದೆ. 1 ಎಂಬಿ ತುಂಬಲು 500 ಎಂಬಿಗೂ ಮಿಕ್ಕಿದ ಓಡಾಟ. ಅದೇ ಪ್ರತಿ ಸಲ ದುಪ್ಪಟ್ಟು ಮಾಡಿದರೆ 1, 2, 4 ಎಂದು 512ರವರೆಗಿನ ಮೊತ್ತ, ಬರೀ 1023 ಕೆಬಿ. ಈ ಲೆಕ್ಕದ ಮುಂದೆ ವಾದಕ್ಕೆ ಹೆಚ್ಚು ಜಾಗವಿಲ್ಲ. ದುಪ್ಪಟ್ಟೋ ಒಂದೂವರೆ ಪಟ್ಟೋ ಎಂಬ ಜಗಳ ಮಾತ್ರ ಹಳೆಯದು. ದುಪ್ಪಟ್ಟು ಮಾಡುತ್ತ ಹೋದರೆ ಹಿಂದೆ ಬಿಟ್ಟುಕೊಟ್ಟ ತುಂಡುಗಳನ್ನೆಲ್ಲ ಒಟ್ಟು ಮಾಡಿದರೂ ಹೊಸ ಬೇಡಿಕೆಗೆ ಸಾಲುವುದೇ ಇಲ್ಲ, ಒಂದೂವರೆ ಪಟ್ಟಿನಲ್ಲಾದರೆ ಒಂದು ಹಂತದ ನಂತರ ಸಾಲುತ್ತದೆ ಎಂಬುದು ಒಂದೂವರೆಯ ಪರವಾದಿಗಳ ಮಾತು. ಗಣಿತ ಸರಿಯೇ. ಆದರೆ ಇಂದಿನ ಮೆಮೊರಿ ಹಂಚಿಕೆದಾರರು ಗಾತ್ರಕ್ಕೊಂದು ವರ್ಗ ಮಾಡಿಟ್ಟುಕೊಂಡು ಹಂಚುವುದರಿಂದ, ಬಿಟ್ಟ ತುಂಡುಗಳು ಅಕ್ಕಪಕ್ಕದಲ್ಲೇ ಸಿಕ್ಕು ಒಂದಾಗುತ್ತವೆ ಎಂಬ ಊಹೆ ಅಷ್ಟೇನೂ ಗಟ್ಟಿಯಾದುದಲ್ಲ. ಗೂಢಲಿಪಿ ಗ್ರಂಥಾಲಯವಾದ ಓಪನ್‌ಎಸ್‌ಎಸ್‌ಎಲ್‌ನ ಬಫರ್ ಬೇಕಾದುದಕ್ಕಿಂತ ಮೂರನೇ ಒಂದು ಪಾಲನ್ನು ಮಾತ್ರ ಹೆಚ್ಚು ಕೇಳುತ್ತದೆ. ಅದರಿಂದ ಲೋಕವೇನೂ ಮುಳುಗಿಲ್ಲ.

ದೊಡ್ಡ ಗಾತ್ರಗಳಲ್ಲಿ ದುಪ್ಪಟ್ಟು ಮಾಡುವುದು ದುಂದು ಎನಿಸಿ ಕೆಲವರು ಮಧ್ಯದ ದಾರಿ ಹಿಡಿದಿದ್ದಾರೆ. ದತ್ತಾಂಶವನ್ನು ಮೆಮೊರಿಯಲ್ಲಿಡುವ ಸರ್ವರ್ ರೆಡಿಸ್‌ನ ಸ್ಟ್ರಿಂಗ್ ಗ್ರಂಥಾಲಯ 1 ಎಂಬಿ ತಲುಪುವವರೆಗೆ ದುಪ್ಪಟ್ಟು ಮಾಡಿ, ಅಲ್ಲಿಂದ ಮುಂದೆ ಬೇಕಾದಷ್ಟರ ಮೇಲೆ 1 ಎಂಬಿ ಮಾತ್ರ ಹೆಚ್ಚುವರಿಯಾಗಿ ಪಡೆಯುತ್ತದೆ. ಜಾವಾ ಲೋಕದ ಜಾಲ ಗ್ರಂಥಾಲಯ ನೆಟ್ಟಿ 4 ಎಂಬಿವರೆಗೆ ದುಪ್ಪಟ್ಟು ಮಾಡಿ ಬಳಿಕ ನಾಲ್ಕು ನಾಲ್ಕು ಎಂಬಿಯಾಗಿ ಏರುತ್ತದೆ. ಮೇಲಿನ ಲೆಕ್ಕ ಇಲ್ಲಿಯೂ ತಪ್ಪಿದ್ದಲ್ಲ, ಕೆಬಿ ಇದ್ದಲ್ಲಿ ಎಂಬಿ ಬಂತು ಅಷ್ಟೇ. ಆದರೂ ಇದು ನಡೆಯುತ್ತದೆ, ಏಕೆಂದರೆ ಲಿನಕ್ಸ್‌ನಲ್ಲಿ ದೊಡ್ಡ ತುಂಡುಗಳನ್ನು ಸಿ ಭಾಷೆಯ ಗ್ರಂಥಾಲಯ ಜಿಲಿಬ್‌ಸಿ ನೇರವಾಗಿ ಕರ್ನಲ್‌ನಿಂದ ಎಂಮ್ಯಾಪ್ ಎಂಬ ಕರೆಯ ಮೂಲಕ ಪಡೆದಿರುತ್ತದೆ (ಆ ಮಿತಿ 128 ಕೆಬಿಯಿಂದ ಆರಂಭವಾಗುತ್ತದೆ), ಮತ್ತು ಅವನ್ನು ಹಿಗ್ಗಿಸುವಾಗ ಬೈಟ್‌ಗಳನ್ನು ನಕಲು ಮಾಡದೆ, ಎಂರೀಮ್ಯಾಪ್ ಎಂಬ ಕರೆಯಿಂದ ಪುಟಗಳ ಪಟ್ಟಿಯನ್ನಷ್ಟೇ ಬದಲಿಸಿಬಿಡುತ್ತದೆ. ನಕಲಿನ ವೆಚ್ಚದ ಬಗ್ಗೆ ಕಾಗದದ ಮೇಲೆ ತರ್ಕಿಸುವುದಕ್ಕೂ ಅದು ಯಂತ್ರದಲ್ಲಿ ನಡೆಯುವುದಕ್ಕೂ ಇಷ್ಟು ಅಂತರ ಇರುತ್ತದೆ.

ಹಿಗ್ಗಿಸುವ ಕೋಡ್ ಸಾಲಿನಲ್ಲಿ ಎರಡು ಎಚ್ಚರಿಕೆಗಳು ಮಾತ್ರ ತಪ್ಪಬಾರದು. ಹಂಚಿದ ಜಾಗದ ಗಾತ್ರ ಬದಲಿಸುವ ಸಿ ಭಾಷೆಯ ಕರೆ ರೀಅಲಾಕ್ ಸೋತಾಗ ನಲ್ (ಖಾಲಿ ವಿಳಾಸ) ಮರಳಿಸುತ್ತದೆ, ಆದರೆ ಹಳೆಯ ತುಂಡು ಹಾಗೆಯೇ ಉಳಿದಿರುತ್ತದೆ. ಬಂದ ಉತ್ತರವನ್ನು ನೇರವಾಗಿ ಹಳೆಯ ಪಾಯಿಂಟರ್ (ಮೆಮೊರಿ ವಿಳಾಸ) ಮೇಲೆಯೇ ಬರೆದುಕೊಂಡರೆ ಆ ತುಂಡಿಗೆ ವಾರಸುದಾರರೇ ಇಲ್ಲವಾಗುತ್ತಾರೆ. ಇನ್ನೊಂದು, ಗಾತ್ರವನ್ನು 32 ಬಿಟ್‌ಗಳಲ್ಲಿ ಇಟ್ಟುಕೊಂಡಿದ್ದರೆ 2,14,74,83,648ನ್ನು ದುಪ್ಪಟ್ಟು ಮಾಡಿದ ಉತ್ತರ ಸೊನ್ನೆ. ಗುಣಿಸುವ ಮುನ್ನ ಪರೀಕ್ಷಿಸಬೇಕೇ ಹೊರತು ಗುಣಿಸಿದ ಮೇಲೆ ಅಲ್ಲ.

ಇನ್ನು ವಿಳಾಸದ ವಿಷಯ. ಬಫರ್ ಹಿಗ್ಗಿದಾಗ ಅದು ಬೇರೆ ಜಾಗಕ್ಕೆ ಹೋಗಬಹುದು, ಹೋಗದೆಯೂ ಇರಬಹುದು. ಈ ‘ಇರಬಹುದು’ ಎಂಬುದೇ ಅಪಾಯಕಾರಿ, ಏಕೆಂದರೆ ಬಫರಿನೊಳಗೆ ಬೆರಳಿಟ್ಟು ಹಿಡಿದ ಪಾಯಿಂಟರ್ ಪರೀಕ್ಷೆಯ ವೇಳೆ ನೆಟ್ಟಗೆ ಕೆಲಸ ಮಾಡಿ, ಹೊರೆ ಹೆಚ್ಚಿದ ದಿನ ಕೈಕೊಡುತ್ತದೆ. ಎಚ್‌ಟಿಟಿಪಿ ಹೆಡರ್ ಒಂದನ್ನು ವಿಶ್ಲೇಷಿಸುತ್ತಿರುವ ಸಂಕೇತ (ಕೋಡ್), ‘ಹೋಸ್ಟ್ ಹೆಸರು ಇಲ್ಲಿ ಆರಂಭ’ ಎಂದು ಪಾಯಿಂಟರ್ ಇಟ್ಟುಕೊಂಡು, ಸಾಲು ಅಪೂರ್ಣವೆಂದು ಇನ್ನಷ್ಟು ಓದಲು ಹೋಗುತ್ತದೆ. ಆ ಓದಿನಲ್ಲಿ ಬಫರ್ ಹಿಗ್ಗಿ ಜಾಗ ಬದಲಾಯಿಸುತ್ತದೆ. ಮರಳಿ ಬಂದು ಹಳೆಯ ಪಾಯಿಂಟರ್ ಓದಿದರೆ ಬೇರೆ ಯಾರದೋ ಬೈಟ್‌ಗಳು. ಇದಕ್ಕೆ ನಾನು ನಂಬುವ ಮದ್ದು ಒಂದೇ: ಬಫರಿನೊಳಗಿನ ಯಾವುದೇ ಜಾಗವನ್ನು ಪಾಯಿಂಟರ್ ಆಗಿ ಅಲ್ಲದೆ ಆರಂಭದಿಂದ ಎಷ್ಟನೆಯ ಬೈಟ್ ಎಂಬ ಸಂಖ್ಯೆಯಾಗಿ ಇಟ್ಟುಕೊಳ್ಳುವುದು. ಕ್ರೋಮ್ ಬ್ರೌಸರಿನ ಮೂಲವಾದ ಕ್ರೋಮಿಯಂನ ಜಾಲ ವಿಭಾಗದ ಹಿಗ್ಗುವ ಬಫರ್ ಕೂಡ ಸಾಮರ್ಥ್ಯ ಮತ್ತು ಆಫ್‌ಸೆಟ್ ಎಂಬ ಎರಡು ಸಂಖ್ಯೆಗಳ ಮೇಲೆಯೇ ನಿಂತಿದೆ. ಸಾಮರ್ಥ್ಯ ಬದಲಾದಾಗ ನಿಜವಾದ ವಿಳಾಸವನ್ನು ಆ ಸಂಖ್ಯೆಯಿಂದ ಹೊಸದಾಗಿ ಲೆಕ್ಕ ಹಾಕಲಾಗುತ್ತದೆ.

ಭಾಷೆಗಳು ಈ ಅಪಾಯವನ್ನು ನಿಭಾಯಿಸುವ ರೀತಿಯಲ್ಲಿ ಅವುಗಳ ಸ್ವಭಾವವೇ ಕಾಣುತ್ತದೆ. ಗೋ ಭಾಷೆಯ ಬೈಟ್ಸ್ ಬಫರ್ ತನ್ನೊಳಗಿನ ತುಂಡನ್ನು ಧಾರಾಳವಾಗಿ ಕೈಗಿಡುತ್ತದೆ, ಆದರೆ ಮುಂದಿನ ಬದಲಾವಣೆಯವರೆಗೆ ಮಾತ್ರ ಇದು ಊರ್ಜಿತ ಎಂದು ದಾಖಲೆಯಲ್ಲಿ ಬರೆದಿಟ್ಟು ಹೊಣೆಯನ್ನು ನಮಗೆ ದಾಟಿಸುತ್ತದೆ. ರಸ್ಟ್‌ನಲ್ಲಿ ಒಳಗಿನ ತುಂಡಿನ ಎರವಲು ಚಾಲ್ತಿಯಲ್ಲಿರುವಾಗ ಹಿಗ್ಗಿಸಲು ಹೊರಟ ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ. ಪೈಥಾನ್‌ನದು ನಡುವಿನ ಹಾದಿ: ಬೈಟ್ಸ್‌ಐಒ ವಸ್ತುವಿನಿಂದ ಒಂದು ನೋಟವನ್ನು ಪಡೆದು ಅದನ್ನು ಬಿಡದೆ ಹಿಡಿದುಕೊಂಡು, ಅದೇ ವಸ್ತುವನ್ನು ಹಿಗ್ಗಿಸುವಷ್ಟು ಬರೆಯಲು ಹೋದರೆ ಬಫರ್‌ಎರರ್ ಎಂಬ ದೋಷ ಎದ್ದು ನಿಲ್ಲುತ್ತದೆ. ಮೊದಲ ಸಲ ಕಂಡವರಿಗೆ ಇದು ಕಿರಿಕಿರಿಯಾಗಬಹುದು. ಆದರೆ ಬೆರಳಿಟ್ಟವರು ಇರುವಾಗ ನಾನು ಜಾಗ ಬಿಟ್ಟು ಏಳುವುದಿಲ್ಲ ಎಂದು ಬಫರ್ ತಾನೇ ಹಟ ಹಿಡಿಯುವುದು ನನಗೆ ಬಹಳ ಪ್ರಾಮಾಣಿಕ ವಿನ್ಯಾಸವಾಗಿ ಕಾಣುತ್ತದೆ.

ಬಫರಿನ ನಿಜವಾದ ಜೀವಾಳ ಎರಡು ಗುರುತುಗಳಲ್ಲಿದೆ: ಎಲ್ಲಿಯವರೆಗೆ ಬರೆದಾಗಿದೆ, ಎಲ್ಲಿಯವರೆಗೆ ಓದಿಯಾಗಿದೆ. ಬರೆಯುವ ಗುರುತು ಎಲ್ಲರ ಬಳಿಯೂ ಇರುತ್ತದೆ. ಓದುವ ಗುರುತನ್ನು ಮರೆತ ವಿನ್ಯಾಸಗಳು ಮಾತ್ರ ಆಶ್ಚರ್ಯವಾಗುವಷ್ಟಿವೆ. ಗುರುತಿಲ್ಲದಿದ್ದರೆ ಪ್ರತಿ ಓದಿನ ನಂತರ ಉಳಿದ ಬೈಟ್‌ಗಳನ್ನೆಲ್ಲ ಬಫರಿನ ತಲೆಯ ಕಡೆಗೆ ಎಳೆಯಬೇಕು. ಓಪನ್‌ಎಸ್‌ಎಸ್‌ಎಲ್‌ನ ಮೆಮೊರಿ ಬಿಐಒ (ಮೆಮೊರಿಯಲ್ಲಿಯೇ ಓದಿ-ಬರೆಯುವ ಅದರ ಬಫರ್) ದೀರ್ಘಕಾಲ ಹೀಗೆಯೇ ನಡೆಯುತ್ತಿತ್ತು, ಮತ್ತು ಹೆಚ್ಚು ದತ್ತಾಂಶ ಇಟ್ಟು ಸಣ್ಣ ತುಂಡುಗಳಲ್ಲಿ ಓದಿದರೆ ತೀರಾ ನಿಧಾನವಾಗಬಹುದು ಎಂದು ಅದರ ಕೈಪಿಡಿಯೇ ಒಪ್ಪಿಕೊಳ್ಳುತ್ತಿತ್ತು. ಎಷ್ಟು ನಿಧಾನವೆಂದು ಲೆಕ್ಕ ಹಾಕುವುದು ಕಷ್ಟವಲ್ಲ: ಹತ್ತು ಲಕ್ಷ ಬೈಟ್‌ಗಳನ್ನು ನೂರು ನೂರಾಗಿ ಓದಿದರೆ ಹತ್ತು ಸಾವಿರ ಓದು, ಪ್ರತಿ ಓದಿಗೂ ಸರಾಸರಿ ಐದು ಲಕ್ಷ ಬೈಟ್‌ಗಳ ಎಳೆದಾಟ, ಒಟ್ಟು ಐನೂರು ಕೋಟಿ ಬೈಟ್‌ಗಳ ಸ್ಥಳಾಂತರ. ನಂತರದ ಆವೃತ್ತಿಗಳಲ್ಲಿ ಓದುವ ಗುರುತನ್ನು ಪ್ರತ್ಯೇಕವಾಗಿ ಇಡಲಾಯಿತು. ಪೈಥಾನ್‌ನ ಬೈಟ್‌ಅರೇಯಲ್ಲೂ ಮುಂಭಾಗದಿಂದ ಅಳಿಸುವ ಕೆಲಸ ಇದೇ ಉಪಾಯದಿಂದ 3.4ನೇ ಆವೃತ್ತಿಯಲ್ಲಿ ಹಗುರವಾಯಿತು.

ಗುರುತು ಇಟ್ಟರಷ್ಟೇ ಸಾಲದು. ಓದಿ ಮುಗಿದ ಮುಂಭಾಗ ಸತ್ತ ಜಾಗವಾಗಿ ಬೆಳೆಯುತ್ತ ಹೋಗುತ್ತದೆ, ಅದನ್ನು ಎಂದಾದರೂ ಮರಳಿ ಪಡೆಯಲೇಬೇಕು. ಬಫರ್ ಪೂರ್ಣ ಖಾಲಿಯಾದ ಕ್ಷಣ ಎರಡೂ ಗುರುತುಗಳನ್ನು ಸೊನ್ನೆಗೆ ತರುವುದು ಪುಕ್ಕಟೆಯ ಉಪಾಯ. ಪ್ರಶ್ನೋತ್ತರ ಮಾದರಿಯ ಸಂವಹನದಲ್ಲಿ ಬಹುಪಾಲು ಇದೇ ಸಾಕಾಗುತ್ತದೆ. ಆದರೆ ಎಂದೂ ಪೂರ್ತಿ ಖಾಲಿಯಾಗದ, ಸದಾ ಅರ್ಧ ಸಂದೇಶವೊಂದನ್ನು ಬಾಲದಲ್ಲಿ ಉಳಿಸಿಕೊಂಡಿರುವ ಸಂಪರ್ಕಗಳಿರುತ್ತವೆ. ಅಲ್ಲಿ ಗೋ ಗ್ರಂಥಾಲಯದ ನಿಯಮವನ್ನು ನಾನು ಕಣ್ಣುಮುಚ್ಚಿ ಅನುಸರಿಸುತ್ತೇನೆ. ಓದದೆ ಉಳಿದದ್ದು ಮತ್ತು ಹೊಸದಾಗಿ ಬೇಕಾದದ್ದು ಸೇರಿ ಸಾಮರ್ಥ್ಯದ ಅರ್ಧದೊಳಗೆ ಹಿಡಿಸುವಂತಿದ್ದರೆ ಮಾತ್ರ ಉಳಿದದ್ದನ್ನು ತಲೆಗೆ ಎಳೆಯುತ್ತದೆ, ಇಲ್ಲದಿದ್ದರೆ ಹೊಸ ದೊಡ್ಡ ಜಾಗ ಪಡೆಯುತ್ತದೆ. ಎಳೆಯಲು ಒಟ್ಟು ಸಾಮರ್ಥ್ಯದೊಳಗೆ ಹಿಡಿಸಿದ್ದರೂ ಸಾಕಿತ್ತು. ಆದರೂ ಅರ್ಧಕ್ಕೆ ಕಟ್ಟುನಿಟ್ಟು ಮಾಡಿರುವುದು, ಬಫರ್ ತುಂಬುವ ಅಂಚಿನಲ್ಲಿ ನಾಲ್ಕು ಬೈಟ್ ಜಾಗಕ್ಕಾಗಿ ಮತ್ತೆ ಮತ್ತೆ ಎಲ್ಲವನ್ನೂ ಎಳೆದಾಡುವ ಸ್ಥಿತಿ ಬಾರದಿರಲೆಂದು.

ಕನ್ನಡ ಪಠ್ಯ ಸಾಗಿಸುವವರಿಗೆ ಓದುವ ಗುರುತಿನ ಬೆಲೆ ಇನ್ನೂ ಬೇಗ ತಿಳಿಯುತ್ತದೆ. ಪಠ್ಯವನ್ನು ಬೈಟ್‌ಗಳಾಗಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಬಿಂದುವಿಗೂ (ಯುನಿಕೋಡ್ ಸಂಖ್ಯೆ ಪಡೆದ ಪ್ರತಿ ಚಿಹ್ನೆಗೂ) ಮೂರು ಬೈಟ್. ‘ಕ’ ಎಂದರೆ 224, 178, 149. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಮಾಡುವ ಹಲಂತವೂ ಸೇರಿ ಐದು ಬಿಂದುಗಳಿವೆ, ಹದಿನೈದು ಬೈಟ್‌ಗಳಾದವು. ಬರೀ ಕನ್ನಡ ಅಕ್ಷರಗಳೇ ಇರುವ ಪಠ್ಯವನ್ನು 4096 ಬೈಟ್‌ಗಳ ಓದಿನಲ್ಲಿ ಪಡೆದರೆ 1365 ಬಿಂದುಗಳು ಸರಿಯಾಗಿ ಹಿಡಿಸಿ, ಕೊನೆಯಲ್ಲಿ 224 ಎಂಬ ಒಂಟಿ ಬೈಟ್ ಉಳಿಯುತ್ತದೆ. ಓದು ಎಲ್ಲೆಂದರಲ್ಲಿ ತುಂಡಾಗುವುದಾದರೆ ಮೂರರಲ್ಲಿ ಎರಡು ಸಲ ಅದು ಅಕ್ಷರದ ನಡುವೆಯೇ ಬೀಳುತ್ತದೆ. ತುಂಡನ್ನು ಬಂದಂತೆಯೇ ಪಠ್ಯವಾಗಿಸುವ ಸಂಕೇತ ಅಲ್ಲಿ ಒಂದು ಪ್ರಶ್ನಾರ್ಥಕ ವಜ್ರಾಕೃತಿಯನ್ನು ಕೂರಿಸಿ, ಮುಂದಿನ ತುಂಡಿನ ತಲೆಯಲ್ಲಿ ಇನ್ನೊಂದೆರಡನ್ನು ಕೂರಿಸುತ್ತದೆ. ಇಂಗ್ಲಿಷ್ ಪಠ್ಯದಲ್ಲಷ್ಟೇ ಪರೀಕ್ಷಿಸಿದವರಿಗೆ ಈ ದೋಷ ಜನ್ಮದಲ್ಲಿ ಕಾಣಿಸದು. ಸರಿಯಾದ ಕ್ರಮವೆಂದರೆ ಪೂರ್ಣವಾದ ಬಿಂದುಗಳಷ್ಟನ್ನೇ ತೆಗೆದು, ಓದುವ ಗುರುತನ್ನು ಅಷ್ಟಕ್ಕೇ ಸರಿಸಿ, ಬಾಲದ ಒಂದೋ ಎರಡೋ ಬೈಟ್‌ಗಳನ್ನು ಬಫರಿನಲ್ಲಿಯೇ ಬಿಡುವುದು. ಬಫರ್ ಚೆನ್ನಾಗಿದ್ದರೆ ಇದಕ್ಕೆ ಪ್ರತ್ಯೇಕ ಏರ್ಪಾಡೇ ಬೇಕಾಗುವುದಿಲ್ಲ.

ಸಣ್ಣದೆಂದು ಕಾಣುವ ಇನ್ನೊಂದು ಪ್ರಶ್ನೆ: ಖಾಲಿ ಬಫರಿನಿಂದ ಓದಿದರೆ ಏನು ಉತ್ತರ ಬರಬೇಕು? ‘ಸದ್ಯಕ್ಕೆ ಏನೂ ಇಲ್ಲ, ಆಮೇಲೆ ಬಾ’ ಎಂಬುದೂ ‘ಇನ್ನು ಬರುವುದೇ ಇಲ್ಲ, ಮುಗಿಯಿತು’ ಎಂಬುದೂ ಬೇರೆ ಬೇರೆ. ಫೈಲ್‌ನಲ್ಲಿ ಸೊನ್ನೆ ಎಂದರೆ ಮುಕ್ತಾಯ. ಹಿಗ್ಗುವ ಬಫರಿನಲ್ಲಿ ಅದನ್ನು ಬಫರ್ ಒಂದೇ ಹೇಳಲಾರದು, ತುಂಬಿಸುವವರು ಹೇಳಬೇಕು. ಮೆಮೊರಿ ಬಿಐಒ ಈ ಆಯ್ಕೆಯನ್ನು ಬಳಸುವವರಿಗೇ ಬಿಟ್ಟಿದೆ: ಓದಿ-ಬರೆಯುವ ಬಫರ್ ಖಾಲಿಯಿದ್ದಾಗ ಸಹಜವಾಗಿ -1 ಮರಳಿಸಿ ಮತ್ತೆ ಪ್ರಯತ್ನಿಸಲು ಸೂಚಿಸುತ್ತದೆ, ಓದಲು ಮಾತ್ರ ಕೊಟ್ಟ ಸ್ಥಿರ ಬಫರಿನಲ್ಲಿ 0 ಮರಳಿಸುತ್ತದೆ, ಬೇಕಾದರೆ ಇದನ್ನು ಬದಲಿಸಿಕೊಳ್ಳಬಹುದು.

ಹೊರಹೋಗುವ ಬಫರಿನ ಕಡೆ ತಿರುಗಿದರೆ ಸಮಸ್ಯೆಯ ಮುಖವೇ ಬೇರೆ. ಒಳಬರುವ ಬಫರ್ ತುಂಬಿದರೆ ನಾವು ಓದುವುದನ್ನು ನಿಲ್ಲಿಸಬಹುದು; ಕರ್ನಲ್‌ನ ಸ್ವೀಕಾರ ಬಫರ್ ತುಂಬುತ್ತದೆ, ಟಿಸಿಪಿ ಕಿಂಡಿ (ಇನ್ನೆಷ್ಟು ಕಳುಹಿಸಬಹುದೆಂದು ಅತ್ತಲಿನವರಿಗೆ ಹೇಳುವ ಅಳತೆ) ಸೊನ್ನೆಗೆ ಇಳಿಯುತ್ತದೆ, ಅತ್ತಲಿನವರು ತಾವಾಗಿಯೇ ತಡೆಯುತ್ತಾರೆ. ಒತ್ತಡ ಹಿಂದಕ್ಕೆ ಸಾಗುವ ವ್ಯವಸ್ಥೆ ಅಲ್ಲಿ ಸಿದ್ಧವಾಗಿದೆ. ಹೊರಗಿನದರಲ್ಲಿ ತುಂಬಿಸುವವರು ನಾವೇ, ಖಾಲಿ ಮಾಡುವವರು ಎಲ್ಲೋ ದುರ್ಬಲ ಮೊಬೈಲ್ ಸಂಪರ್ಕದಲ್ಲಿರುವ ಯಾರೋ. ನೋಡ್ ಜೆಎಸ್‌ನಲ್ಲಿ ಬರೆಯುವ ಕರೆ ‘ಫಾಲ್ಸ್’ ಮರಳಿಸಿದರೆ ಗುರುತಿಟ್ಟ ಮಟ್ಟ ಮೀರಿದೆ, ಖಾಲಿಯಾಯಿತೆಂಬ ಡ್ರೇನ್ ಸೂಚನೆ ಬರುವವರೆಗೆ ತಡೆಯಿರಿ ಎಂದರ್ಥ. ಆದರೆ ಅದು ಬರೀ ಸಲಹೆ. ಬರೆಯುತ್ತಲೇ ಹೋದರೆ ಅದು ಎಲ್ಲವನ್ನೂ ಮೆಮೊರಿಯಲ್ಲಿ ಕೂಡಿಡುತ್ತ ಹೋಗುತ್ತದೆ. ಆ ಉತ್ತರವನ್ನು ನೋಡದೆ ಬರೆದ ಸಂಕೇತವನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ, ವೇಗದ ಜಾಲದಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ.

ಈ ವಿಷಯದಲ್ಲಿ ರೆಡಿಸ್‌ನ ವ್ಯವಸ್ಥೆ ಓದಿ ನೋಡುವಂತಿದೆ. ಪ್ರತಿ ಗ್ರಾಹಕ ಸಂಪರ್ಕಕ್ಕೂ ಮೊದಲು 16 ಕೆಬಿಯ ಸ್ಥಿರ ಬಫರ್ ಇರುತ್ತದೆ, ಉತ್ತರ ಅದನ್ನು ಮೀರಿದರೆ ತುಂಡುಗಳ ಸರಪಳಿಗೆ ಸೇರುತ್ತದೆ. ಮಿತಿಗಳು ಮೂರು ಬಗೆಯ ಗ್ರಾಹಕರಿಗೆ ಮೂರು ಬಗೆ. ಪ್ರಕಟಣೆಗೆ ಚಂದಾದಾರರಾದವರಿಗೆ 32 ಎಂಬಿ ಗಟ್ಟಿ ಮಿತಿ. 8 ಎಂಬಿಗಿಂತ ಮೇಲೆ 60 ಸೆಕೆಂಡು ಸತತವಾಗಿ ಇದ್ದರೂ ಸಂಪರ್ಕ ಕಡಿಯಲಾಗುತ್ತದೆ. ಪ್ರತಿಕೃತಿ ಸರ್ವರ್‌ಗಳಿಗೆ ಇದೇ ಲೆಕ್ಕ 256 ಎಂಬಿ, 64 ಎಂಬಿ, 60 ಸೆಕೆಂಡು. ಸಾಮಾನ್ಯ ಗ್ರಾಹಕರಿಗೆ ಮಿತಿಯೇ ಇಲ್ಲ, ಏಕೆಂದರೆ ಅವರು ಕೇಳಿದಾಗ ಮಾತ್ರ ಉತ್ತರ ಹೋಗುತ್ತದೆ, ಕೇಳದೆ ಸುರಿಯುವುದಿಲ್ಲ. ಕ್ಷಣಿಕ ಉಬ್ಬರವನ್ನು ಸಹಿಸಿ, ಉಬ್ಬಿಕೊಂಡೇ ಇರುವುದನ್ನು ಸಹಿಸದ ಈ ಮೆದು ಮಿತಿಯ ಕಲ್ಪನೆ ನನಗೆ ಅಚ್ಚುಮೆಚ್ಚು. ಬೇರೆ ಕಡೆಯೂ ಇಷ್ಟು ಸರಳವಾಗಿ ಇದನ್ನು ಅಳವಡಿಸಬಹುದು.

ಸರಪಳಿಯ ಮಾತು ಬಂದದ್ದರಿಂದ ಒಂದು ವಿವರ. ಜಾಲ ಪ್ರೋಗ್ರಾಂಗಳ ಗ್ರಂಥಾಲಯ ಲಿಬ್‌ಇವೆಂಟ್ ಮೊದಲಿಗೆ ಒಂದೇ ಅಖಂಡ ತುಂಡಿನ ಬಫರ್ ಇಟ್ಟುಕೊಂಡಿತ್ತು, 2.0ರಲ್ಲಿ ತುಂಡುಗಳ ಸರಪಳಿಗೆ ಬದಲಾಯಿತು. ಸರಪಳಿಯಲ್ಲಿ ಹಿಗ್ಗಲು ಏನನ್ನೂ ನಕಲು ಮಾಡಬೇಕಿಲ್ಲ, ಮುಂಭಾಗದ ತುಂಡುಗಳನ್ನು ಓದಿದಂತೆ ಬಿಟ್ಟುಬಿಡಬಹುದು, ಒಂದೇ ರೈಟ್‌ವಿ ಕರೆಯಲ್ಲಿ ಹಲವು ತುಂಡುಗಳನ್ನು ಕಳುಹಿಸಬಹುದು. ಆದರೆ ವಿಶ್ಲೇಷಿಸುವವರಿಗೆ ಅಖಂಡ ಸಾಲು ಬೇಕು; ಅದಕ್ಕೆಂದೇ ಮುಂಭಾಗದ ಬೇಕಾದಷ್ಟು ಬೈಟ್‌ಗಳನ್ನು ಒಂದೆಡೆ ಕೂಡಿಸಿಕೊಡುವ ಪುಲ್‌ಅಪ್ ಎಂಬ ಕಾರ್ಯವನ್ನು ಇಡಬೇಕಾಯಿತು. ಹತ್ತು ಬೈಟ್‌ನ ಉತ್ತರಕ್ಕೂ ಹೊಸ ಕೊಂಡಿ ಮಾಡಿದರಂತೂ ಮೂಗಿಗಿಂತ ಮೂಗುತಿ ಭಾರ. ಒಳಬರುವುದಕ್ಕೆ ಅಖಂಡ, ಹೊರಹೋಗುವುದಕ್ಕೆ ಸರಪಳಿ ಎಂಬುದು ನಾನು ಬಂದು ನಿಂತಿರುವ ನೆಲೆ.

ಒಳಬರುವ ಕಡೆಯ ಮಿತಿಗೆ ಬೇರೆಯ ಕಾರಣವಿದೆ: ಅಪರಿಚಿತರ ಮಾತಿನ ಮೇಲೆ ಮೆಮೊರಿ ಕೊಡಬಾರದು. ಸಂದೇಶದ ಉದ್ದವನ್ನು ಮೊದಲ ನಾಲ್ಕು ಬೈಟ್‌ಗಳಲ್ಲಿ ಹೇಳುವ ಒಪ್ಪಂದವಿದ್ದರೆ, ಅಲ್ಲಿ ಯಾರು ಬೇಕಾದರೂ 400 ಕೋಟಿಗೂ ಮೇಲಿನ ಸಂಖ್ಯೆ ಬರೆದು ಕಳುಹಿಸಬಹುದು. ಅದನ್ನು ನಂಬಿ ಮೊದಲೇ ಜಾಗ ಕಾದಿರಿಸಿದರೆ ನಾಲ್ಕು ಬೈಟ್ ಖರ್ಚಿನಲ್ಲಿ ಅವರು ನಮ್ಮ ಸರ್ವರ್ ಮಲಗಿಸಿದಂತಾಯಿತು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಕಂಡ 2014ರ ಹಾರ್ಟ್‌ಬ್ಲೀಡ್ ದೋಷ ಕೂಡ ಹೇಳಿದ ಉದ್ದಕ್ಕೂ ಬಂದ ಉದ್ದಕ್ಕೂ ತಾಳೆ ನೋಡದ್ದರಿಂದ ಆದದ್ದೇ, ಅಲ್ಲಿ ಮೆಮೊರಿ ಮುಗಿಯುವ ಬದಲು ಒಂದು ಕೋರಿಕೆಗೆ 64 ಕೆಬಿವರೆಗೆ ಸೋರಿತು. ನೆಟ್ಟಿಯ ಉದ್ದ-ಆಧಾರಿತ ಡಿಕೋಡರ್ ಗರಿಷ್ಠ ಉದ್ದವನ್ನು ಕೊಡದೆ ಅದನ್ನು ರಚಿಸಲು ಬಿಡುವುದೇ ಇಲ್ಲ. ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಕೋರಿಕೆಯ ಹೆಡರ್‌ಗೆ ಮೊದಲು 1 ಕೆಬಿ ಕೊಟ್ಟು, ಸಾಲದಿದ್ದರೆ 8 ಕೆಬಿಯ ನಾಲ್ಕು ಬಫರ್‌ಗಳವರೆಗೆ ಕೊಡುತ್ತದೆ. ಅದಕ್ಕೂ ಮೀರಿದರೆ ದೋಷದ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಮಿತಿಯನ್ನು ಐಚ್ಛಿಕ ಆಯ್ಕೆಯಾಗಿಟ್ಟು ಸಹಜ ಬೆಲೆಯನ್ನು ಅನಂತವಾಗಿ ಇಡುವ ಗ್ರಂಥಾಲಯಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಕುಗ್ಗಿಸುವುದರ ಬಗ್ಗೆ ಹೆಚ್ಚಿನವರು ಯೋಚಿಸುವುದು ಸರ್ವರ್ ಮೆಮೊರಿಯ ನಕ್ಷೆ ಏರಿದ್ದು ಇಳಿಯದೆ ನಿಂತಾಗ. ಒಂದೇ ಒಂದು ದೊಡ್ಡ ಸಂದೇಶ ಬಂದು ಹೋದ ಸಂಪರ್ಕ ಆಮೇಲೆ ಸಣ್ಣ ಸಂದೇಶಗಳನ್ನೇ ಸಾಗಿಸಿದರೂ ಹಿಗ್ಗಿದ ಬಫರನ್ನು ಹೊತ್ತೇ ಇರುತ್ತದೆ. ಬಫರ್‌ಗಳನ್ನು ಪೂಲ್‌ನಲ್ಲಿಟ್ಟು ಮರುಬಳಸಿದರೆ ಕಾಲಕ್ರಮದಲ್ಲಿ ಪೂಲ್‌ನಲ್ಲಿರುವುದೆಲ್ಲ ದೈತ್ಯ ಗಾತ್ರದವೇ ಆಗುತ್ತವೆ. ಗೋ ಭಾಷೆಯಲ್ಲಿ ಪಠ್ಯ ರೂಪಿಸುವ ಎಫ್‌ಎಂಟಿ ಪ್ಯಾಕೇಜ್ ಇದಕ್ಕೆ 64 ಕೆಬಿಯ ಗೆರೆ ಎಳೆದಿದೆ: ಅದಕ್ಕಿಂತ ದೊಡ್ಡದಾಗಿ ಬೆಳೆದ ಬಫರನ್ನು ಪೂಲ್‌ಗೆ ಮರಳಿಸದೆ ಬಿಟ್ಟುಕೊಡುತ್ತದೆ. ರೆಡಿಸ್ ಆಗಾಗ ಗ್ರಾಹಕರ ಪಟ್ಟಿಯ ಮೇಲೆ ಕಣ್ಣಾಡಿಸಿ, 4 ಕೆಬಿಗಿಂತ ಹೆಚ್ಚು ವ್ಯರ್ಥವಾಗುತ್ತಿದ್ದು, ಸಂಪರ್ಕ 2 ಸೆಕೆಂಡಿಗಿಂತ ಹೆಚ್ಚು ಸುಮ್ಮನಿದ್ದರೆ ಅಥವಾ ಇತ್ತೀಚಿನ ಬಳಕೆಯ ಶಿಖರಕ್ಕಿಂತ ಬಫರ್ ತುಂಬಾ ದೊಡ್ಡದಿದ್ದರೆ ಕೋರಿಕೆಯ ಬಫರನ್ನು ಕತ್ತರಿಸುತ್ತದೆ. ಖಾಲಿಯಾದ ತಕ್ಷಣ ಕುಗ್ಗಿಸುವುದು ಮಾತ್ರ ಬೇಡ. ಮರುಕ್ಷಣ ಅಷ್ಟೇ ದೊಡ್ಡ ಸಂದೇಶ ಬಂದರೆ ಹಿಗ್ಗಿಸಿ ಕುಗ್ಗಿಸುವುದರಲ್ಲಿಯೇ ಹೊತ್ತು ಹೋಗುತ್ತದೆ.

ಪಾಸ್‌ವರ್ಡ್ ಅಥವಾ ಖಾಸಗಿ ಕೀಲಿಗಳು ಹಾದುಹೋಗುವ ಬಫರಿನಲ್ಲಿ ಹಿಗ್ಗುವಾಗಲೂ ಒಂದು ಕಾಳಜಿ ಬೇಕು, ಏಕೆಂದರೆ ಜಾಗ ಬದಲಾದರೆ ಹಳೆಯ ಜಾಗದಲ್ಲಿ ಅದರ ನಕಲು ಅಳಿಯದೆ ಉಳಿಯುತ್ತದೆ. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಳೆಯದನ್ನು ಒರೆಸಿ ಹಿಗ್ಗಿಸುವ ಪ್ರತ್ಯೇಕ ಕಾರ್ಯವೇ ಇರುವುದು ಇದಕ್ಕಾಗಿ.

ಬಫರನ್ನು ಪರೀಕ್ಷಿಸುವಾಗ ನಾನು ಅದರ ಆರಂಭದ ಸಾಮರ್ಥ್ಯವನ್ನು 1 ಬೈಟ್‌ಗೆ ಇಳಿಸುತ್ತೇನೆ, ಒಳಬರುವ ದತ್ತಾಂಶವನ್ನು ಒಂದೊಂದೇ ಬೈಟ್ ಆಗಿ ಉಣಿಸುತ್ತೇನೆ, ಪಠ್ಯ ಕನ್ನಡದ್ದಾಗಿರುವಂತೆ ನೋಡಿಕೊಳ್ಳುತ್ತೇನೆ. ಆಗ ಸಂದೇಶ ತುಂಡಾಗಬಹುದಾದ ಪ್ರತಿ ಜಾಗದಲ್ಲೂ ತುಂಡಾಗುತ್ತದೆ. ಇದರ ಜೊತೆಗೆ ಪ್ರೋಗ್ರಾಮನ್ನು ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪುಗಳನ್ನು ಹಿಡಿಯುವ ಸಾಧನ) ಸಮೇತ ಕಟ್ಟಬೇಕು. ಅದರ ರೀಅಲಾಕ್ ಹಿಗ್ಗಿಸಿದಾಗಲೆಲ್ಲ ಹೊಸ ಜಾಗವನ್ನೇ ಕೊಟ್ಟು ಹಳೆಯದನ್ನು ಕೆಲಕಾಲ ಯಾರಿಗೂ ಹಂಚದೆ ಬೇಲಿ ಹಾಕಿಡುವುದರಿಂದ, ಹಳೆಯ ಪಾಯಿಂಟರ್ ಹಿಡಿದುಕೊಂಡಿರುವ ಸಾಲು ಯಾವುದೆಂಬುದು ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆಯ ಸಮೇತ ಮೊದಲ ಓಟದಲ್ಲಿಯೇ ತೆರೆಯ ಮೇಲೆ ಬೀಳುತ್ತದೆ.